ಪೂವಪ್ಪನ ಎಡಗೈ

ಬೆಳಗಿನ ಐದು ಗಂಟೆ. ಗ್ರಾಂಟ್ ರೋಡ್ ಸ್ಟೇಷನ್ನಿಗೆ ಬರುವ ಲೋಕಲ್ ಗಾಡಿಗಳಲ್ಲಿ ಇನ್ನೂ ಕೂರಲು ಜಾಗ ಸಿಗುವ ಹೊತ್ತು. ಸ್ಟೇಷನ್ನಿನಿಂದ ಒಂದು ಕೂಗಿನಷ್ಟು ದೂರದಲ್ಲಿರುವ ಸದಾನಂದ ಶೆಟ್ಟರ ಹೋಟೆಲಿನ ಮುಂಬಾಗಿಲು ಮುಚ್ಚಿದೆ, ಹಿಂಬಾಗಿಲು ತೆರೆದಿದೆ. ಅಡಿಗೆಮನೆಗೆ ತಾಗಿಕೊಂಡ ತಗಡಿನ ಮಾಡಿನ ಕೆಳಗೆ ಮೊಣಕಾಲೆತ್ತರದ, ರುಬ್ಬುವ ಕರಿಕಲ್ಲೊಂದಿದೆ. ಅದರೆದುರು ಮರದ ಮಣೆ ಹಾಕಿಕೊಂಡು ಕೂತವನು ಪೂವಪ್ಪ. ಮೈಮೇಲೆ ಬನಿಯನ್ನು, ಸೊಂಟಕ್ಕೆ ಸುತ್ತಿದ ಬೈರಾಸು ಟವೆಲು. ಕಲ್ಲಿನ ಗುಳಿಯಲ್ಲಿ ತೆಂಗಿನತುರಿ, ಹಸಿಮೆಣಸು, ಹುರಿಗಡಲೆ. ಗುಂಡು ತಿರುಗುತ್ತಿದೆ. ಮೊದಲು ಗರಗರ ಎನ್ನುತ್ತಿದ್ದ ಸದ್ದು ಬರಬರುತ್ತ ಮೆತ್ತಗಾಗುತ್ತದೆ. ಸದ್ದು ಮೆತ್ತಗಾಯಿತೆಂದರೆ ಚಟ್ನಿ ನುಣ್ಣಗಾಯಿತೆಂದು ಲೆಕ್ಕ, ಬೆರಳಿಟ್ಟು ನೋಡುವುದು ಬೇಡ.

ಮೊದಲ ಸಲ ನೋಡಿದವರಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಸ್ವಲ್ಪ ಹೊತ್ತು ನಿಂತು ನೋಡಿದರೆ ಏನೋ ಅಡ್ಡಾದಿಡ್ಡಿ ಇದೆ ಅನ್ನಿಸುತ್ತದೆ. ನಮ್ಮ ತಾಯಂದಿರು, ಅಜ್ಜಿಯರು ಬಲಗೈಯಲ್ಲಿ ಗುಂಡು ತಿರುಗಿಸಿ ಎಡಗೈಯಲ್ಲಿ ಹಿಟ್ಟು ತಳ್ಳಿದವರು. ಇಲ್ಲಿ ಗುಂಡಿನ ಹಿಡಿ ಎಡಗೈಯಲ್ಲಿದೆ, ಬಲಗೈ ಹಿಟ್ಟಿನಲ್ಲಿದೆ. ಚಟ್ನಿ ಮುಗಿದು ಸಾಂಬಾರಿನ ಮಸಾಲೆಗೆ ಕೂತಾಗ ಪೂವಪ್ಪ ಕೈ ಬದಲಿಸುತ್ತಾನೆ. ಎಡವಾಯಿತು, ಬಲ ಬಂತು. ಗುಂಡಿನ ಓಟ ಮಾತ್ರ ಒಂದೇ ಸಮ. ಕಣ್ಣು ಮುಚ್ಚಿಕೊಂಡು ಕೇಳಿದರೆ ಕೈ ಬದಲಾದದ್ದು ಯಾರಿಗೂ ಗೊತ್ತಾಗದು.

ಈ ಎಡಗೈಯನ್ನು ಇಲ್ಲಿಯವರೆಗೆ ತರಲು ಅವನಿಗೆ ಎರಡು ವರ್ಷ ಹಿಡಿಯಿತು.

ಪೂವಪ್ಪನಿಗೆ ಈಗ ಮೂವತ್ತರ ಆಸುಪಾಸು. ಊರು ಕಾಪುವಿನ ಹತ್ತಿರ. ಹದಿನಾಲ್ಕನೇ ವಯಸ್ಸಿಗೆ ಊರಿನವರೊಬ್ಬರ ಜತೆ ಮುಂಬಯಿಗೆ ಬಂದ. ಮೊದಲು ಫೋರ್ಟಿನ ಒಂದು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದ, ಆಮೇಲೆ ಮೇಜು ಒರೆಸಿದ. ಗ್ರಾಂಟ್ ರೋಡಿನ ಶೆಟ್ಟರ ಹೋಟೆಲಿನಲ್ಲಿ ಹಿಟ್ಟು ಕಡೆಯುವವನು ಒಂದು ದಿನ ಯಾರಿಗೂ ಹೇಳದೆ ಊರಿಗೆ ಹೋಗಿಬಿಟ್ಟಾಗ, ಗಟ್ಟಿಮುಟ್ಟಾಗಿದ್ದಾನೆಂದು ಪೂವಪ್ಪನನ್ನು ಕರೆದು ಕಲ್ಲಿನ ಮುಂದೆ ಕೂರಿಸಿದರು. ಕೂತವನು ಇನ್ನೂ ಎದ್ದಿಲ್ಲ. ಬೆಳಿಗ್ಗೆ ಚಟ್ನಿ, ಮಸಾಲೆ. ಮಧ್ಯಾಹ್ನ ಮೂರರ ಮೇಲೆ ಮರುದಿನದ ಇಡ್ಲಿ-ದೋಸೆಗೆ ಅಕ್ಕಿ, ಉದ್ದು. ಎಲ್ಲ ಸೇರಿ ದಿನಕ್ಕೆ ಇಪ್ಪತ್ತೈದು ಕಿಲೋ ಧಾನ್ಯ, ಮೂವತ್ತು ತೆಂಗಿನಕಾಯಿ. ಹಬ್ಬದ ದಿನ ಇನ್ನೂ ಹೆಚ್ಚು. ದಿನಕ್ಕೆ ಎಷ್ಟು ಸುತ್ತು ತಿರುಗಿಸುತ್ತೀ ಎಂದು ಕೇಳಿದರೆ, ಅದನ್ನು ಎಣಿಸುತ್ತ ಕೂತರೆ ಹಿಟ್ಟು ಹುಳಿ ಬರುತ್ತದೆ ಎಂದು ನಗುತ್ತಾನೆ.

ಹೋಟೆಲಿಗೆ ಬರುವವರು ದೋಸೆ ತಂದಿಟ್ಟವನ ಮುಖ ನೋಡುತ್ತಾರೆ. ಸಾಂಬಾರು ಹೊಗಳುವವರು ಅಡಿಗೆಯ ಶಂಭು ಭಟ್ಟರ ಹೆಸರು ಹೇಳುತ್ತಾರೆ. ಕಲ್ಲಿನ ಹತ್ತಿರ ಯಾರೂ ಬರುವುದಿಲ್ಲ.

"ದೋಸೆ ಚೆಂದ ಉಂಟು ಅಂದ್ರೆ ಅದು ಭಟ್ರಿಗೆ ಹೋಗ್ತದೆ. ಹಿಟ್ಟು ಹುಳಿ ಬಂದಿದೆ ಅಂದ್ರೆ ಸೀದಾ ನನ್ನತ್ರ ಬರ್ತದೆ," ಎನ್ನುತ್ತಾನೆ ಪೂವಪ್ಪ. ಬೇಸರದಿಂದಲ್ಲ, ಹವೆ ಹೇಗಿದೆ ಎಂದು ಹೇಳುವವರ ಹಾಗೆ.

ಸಂಜೆ ಕೆಲಸ ಮುಗಿದ ಮೇಲೆ ಅವನು ಹೋಗುವುದು ಸಾಲು ಕೋಣೆಗಳ ಹತ್ತಿರದ ಒಂದು ಚಾಳಿನ ಕೆಳಗಿರುವ ವ್ಯಾಯಾಮಶಾಲೆಗೆ. ಒಂದೇ ಕೋಣೆ. ಗೋಡೆಯ ಮೇಲೆ ಮಾರುತಿಯ ಪಟ, ಅದಕ್ಕೆ ಎದುರಾಗಿ ಪಾದರಸ ಉದುರಿದ ಉದ್ದ ಕನ್ನಡಿ. ಮೂಲೆಯಲ್ಲಿ ರಾಡು, ಕಬ್ಬಿಣದ ಪ್ಲೇಟುಗಳು, ದೊಡ್ಡದರಿಂದ ಸಣ್ಣದರವರೆಗೆ ಡಂಬೆಲ್ಲುಗಳು. ಕಲಿಸುವವರು ಮೋನಪ್ಪ ಮಾಸ್ಟ್ರು. ಹಗಲು ಫೋರ್ಟಿನ ಬ್ಯಾಂಕೊಂದರಲ್ಲಿ ಜವಾನರು, ಸಂಜೆ ಇಲ್ಲಿ ಗುರುಗಳು. ಪೂವಪ್ಪನನ್ನು ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ ಮೊದಲು ಇಲ್ಲಿಗೆ ಕರೆತಂದವರೂ ಅವರೇ. ಹೋಟೆಲಿಗೆ ಕಾಫಿಗೆ ಬಂದವರು ಕೈತೊಳೆಯಲು ಹಿಂದೆ ಹೋದಾಗ ಇವನ ಬಲಗೈ ಕಂಡಿತು. ಭುಜದಿಂದ ಮುಂಗೈವರೆಗೆ ಒಂದೊಂದು ಎಳೆಯೂ ಹಗ್ಗ ಹೊಸೆದ ಹಾಗೆ ಎದ್ದು ಕಾಣುತ್ತಿತ್ತು. ಇಂಥ ಗೆರೆ ಬರಿಸಲು ಹುಡುಗರು ವರ್ಷಗಟ್ಟಲೆ ಒದ್ದಾಡುತ್ತಾರೆ, ನಿನಗೆ ಚಟ್ನಿ ಕಡೆದು ಬಂದಿದೆಯಲ್ಲ ಎಂದರಂತೆ.

ಆ ಕೋಣೆಯಲ್ಲಿ ಮೊದಲಿಂದಲೂ ಎರಡು ಪಕ್ಷ. ಹಿಂದಿನ ಮೂಲೆಯಲ್ಲಿ ಭಾರದವರು, ಕನ್ನಡಿಯ ಮುಂದೆ ಹಗುರದವರು. ಭಾರದವರು ರಾಡಿಗೆ ಹಿಡಿಸುವಷ್ಟು ಪ್ಲೇಟು ತುಂಬಿ, ನಾಲ್ಕೈದು ಸಲ ಎತ್ತಿ, ನೆಲ ಅದುರುವ ಹಾಗೆ ಬಿಡುತ್ತಾರೆ. ಮೈ ತುಂಬಬೇಕಾದರೆ ಇದೇ ದಾರಿ ಎನ್ನುತ್ತಾರೆ. ಹಗುರದವರು ಸಣ್ಣ ಡಂಬೆಲ್ಲು ಹಿಡಿದು ಕನ್ನಡಿ ನೋಡುತ್ತ ಎತ್ತಿದ್ದೇ ಎತ್ತಿದ್ದು. ಭಾರ ಎತ್ತಿದರೆ ಗೋಣಿಯ ಹಾಗೆ ಆಗುತ್ತೀರಿ, ಗೆರೆ ಬರುವುದಿಲ್ಲ ಎಂದು ಅವರ ವಾದ. ಈ ಜಗಳಕ್ಕೆ ಹೊರಗಿನವನಾದರೂ ಖಾರ ಹಾಕುತ್ತಿದ್ದವನು ಧರ್ಮಣ್ಣ.

ಧರ್ಮಣ್ಣ ವಿಜಾಪುರದ ಕಡೆಯವನು, ಪರೇಲಿನ ಚಾಳಿನಲ್ಲಿ ವಾಸ, ಹಮಾಲಿ ಕೆಲಸ. ಕೈಗಾಡಿಯಲ್ಲಿ ಅಕ್ಕಿ ಚೀಲ ತಂದು ಗ್ರಾಂಟ್ ರೋಡಿನ ಹೋಟೆಲುಗಳಿಗೆ ಇಳಿಸುತ್ತಾನೆ. ಕ್ವಿಂಟಲಿನ ಚೀಲ ಬೆನ್ನಿಗೇರಿಸಿಕೊಂಡು ಮೆಟ್ಟಿಲು ಹತ್ತುವಾಗಲೂ ಎದುರು ಬಂದವರನ್ನು ಮಾತಾಡಿಸುವ ಮನುಷ್ಯ. ಬೆನ್ನೆಂದರೆ ಬಾಗಿಲಿನಷ್ಟಗಲ, ಹೊಟ್ಟೆಯೂ ಅದಕ್ಕೆ ತಕ್ಕ ಹಾಗೆ. ಶೆಟ್ಟರ ಹೋಟೆಲಿಗೆ ಬಂದರೆ ಚೀಲ ಇಳಿಸಿ ಕಲ್ಲಿನ ಪಕ್ಕ ಕೂತು ಚಾ ಕುಡಿಯುವುದು ವಾಡಿಕೆ.

"ನಿನ್ನ ಕಲ್ಲು ಕುಂತು ತಿರಗಸೂದು, ನನ್ನ ಚೀಲ ನಿಂತು ಹೊರೂದು," ಎಂದು ಧರ್ಮಣ್ಣ ಕೆಣಕುತ್ತಿದ್ದ. "ಗಂಡಸರ ಕೆಲಸ ಯಾವದು, ನೀನ ಹೇಳು ತಮ್ಮಾ."

"ಕೂತು ಮಾಡುದನ್ನು ಒಂದು ದಿನ ಮಾಡಿ ನೋಡು ಮಾರಾಯ. ಆಮೇಲೆ ನೀನು ಎದ್ದು ನಿಂತ್ರೆ ಮಾತಾಡುವ."

ಒಂದು ಮಧ್ಯಾಹ್ನ ಧರ್ಮಣ್ಣ ನಿಜವಾಗಿಯೂ ಕೂತ. ಉದ್ದು ಅರ್ಧ ಕಡೆಯುವಷ್ಟರಲ್ಲಿ ತೋಳು ಹಿಡಿದುಕೊಂಡು ಎದ್ದ. ಅದೇ ವಾರ ಪೂವಪ್ಪ ಅವನ ಚೀಲಕ್ಕೆ ಬೆನ್ನು ಕೊಟ್ಟು, ಮೂರು ಹೆಜ್ಜೆ ಹಾಕಿ, ಗೋಡೆಗೆ ಆತು ನಿಂತ. ಅಂದಿನಿಂದ ಇಬ್ಬರೂ ಗೆಳೆಯರು. ಆದರೆ ಕೆಣಕುವುದನ್ನು ಇಬ್ಬರೂ ಬಿಡಲಿಲ್ಲ.

ಎಪ್ಪತ್ತೆರಡರ ಗಣೇಶೋತ್ಸವಕ್ಕೆ ಆಸುಪಾಸಿನ ವ್ಯಾಯಾಮಶಾಲೆಗಳೆಲ್ಲ ಸೇರಿ ಒಂದು ಸ್ಪರ್ಧೆ ಇಟ್ಟವು. ಹಲಗೆಯ ಸ್ಟೇಜು, ಮೈಕು, ನಾಲ್ಕು ದೊಡ್ಡ ದೀಪ. ಹೆಸರು 'ಗ್ರಾಂಟ್ ರೋಡ್ ಶ್ರೀ'. ಪೂವಪ್ಪ ಮೈಗೆ ಎಣ್ಣೆ ಸವರಿಕೊಂಡು ಹತ್ತಿ ನಿಂತ. ಬಲಕ್ಕೆ ತಿರುಗಿ ತೋಳು ಮಡಚಿದಾಗ ಜನ ಶಿಳ್ಳೆ ಹೊಡೆದರು. ಎಡಕ್ಕೆ ತಿರುಗು ಎಂದರು. ತಿರುಗಿದ. ಶಿಳ್ಳೆ ನಿಂತಿತು.

ಬಲಗೈ ಹತ್ತು ವರ್ಷ ಗುಂಡು ತಿರುಗಿಸಿತ್ತು, ಎಡಗೈ ಹಿಟ್ಟು ತಳ್ಳಿತ್ತು. ಬಲಭುಜ ಗೋಳದ ಹಾಗೆ, ಎಡಭುಜ ಇಳಿಜಾರಿನ ಹಾಗೆ. ದಿನಾ ನೋಡುತ್ತಿದ್ದ ಅವನಿಗಾಗಲಿ ಮಾಸ್ಟ್ರಿಗಾಗಲಿ ಅದು ಇಷ್ಟು ಎದ್ದು ಕಾಣುತ್ತದೆಂದು ತೋರಿರಲಿಲ್ಲ. ತೀರ್ಪು ಕೊಡುವವರಲ್ಲಿ ಒಬ್ಬರು ಮೈಕು ತೆಗೆದುಕೊಂಡು, ಇಬ್ಬರ ಕೈ ತಂದು ಒಬ್ಬನ ಮೈಗೆ ಅಂಟಿಸಿದ ಹಾಗಿದೆ, ಇನ್ನೊಬ್ಬನನ್ನೂ ಕರೆದುಕೊಂಡು ಬಾ ಎಂದು ಮರಾಠಿಯಲ್ಲಿ ಹೇಳಿ, ಕೆಳಗಿಳಿ ಎಂದು ಕೈಮಾಡಿದರು. ಸುತ್ತಲಿನ ಚಾಳುಗಳ ಗ್ಯಾಲರಿಯಲ್ಲಿ ನಿಂತವರೆಲ್ಲ ನಕ್ಕರು. ಉಳಿದವರು ಇನ್ನೂ ಸ್ಟೇಜಿನ ಮೇಲಿರುವಾಗಲೇ ಪೂವಪ್ಪ ಒಬ್ಬನೇ ಮೆಟ್ಟಿಲಿಳಿದು, ಎಣ್ಣೆ ಮೈಯಲ್ಲೇ ಅಂಗಿ ತೊಟ್ಟು ನಡೆದ.

ಮರುದಿನ ಬೆಳಿಗ್ಗೆ ಚಟ್ನಿ ಕಡೆಯುವಾಗ ಅವನು ತನ್ನ ಎರಡು ಕೈಗಳನ್ನೂ ನೋಡುತ್ತ ಕೂತಿದ್ದ. ಅಲ್ಲಿಯೇ ತೀರ್ಮಾನವಾಯಿತು. ಗೆಲ್ಲುವ ಮಾತು ಆಮೇಲೆ. ಅದೇ ಸ್ಟೇಜಿನ ಮೇಲೆ ಮತ್ತೆ ನಿಲ್ಲಬೇಕು, ಇಳಿ ಎಂದು ಯಾರೂ ಹೇಳಬಾರದು.

"ಗೆದ್ದವರು ಗೆದ್ರು, ಅದಕ್ಕೆ ಬೇಸರ ಇಲ್ಲ. ಸೋತವರು ಕೂಡ ಕಡೆವರೆಗೆ ನಿಂತಿದ್ರು. ನನ್ನನ್ನು ಸೋಲ್ಲಿಕ್ಕೂ ಬಿಡ್ಲಿಲ್ಲ," ಎನ್ನುತ್ತಾನೆ.

ಮೋನಪ್ಪ ಮಾಸ್ಟ್ರು ಹೇಳಿದ ದಾರಿ ಸರಳವಾಗಿತ್ತು. ಎಡಕ್ಕೆ ಹಗುರದಿಂದ ಶುರು ಮಾಡಿ ನಿಧಾನವಾಗಿ ಭಾರ ಏರಿಸುವುದು, ಬಲಕ್ಕೆ ಸದ್ಯ ಏನೂ ಬೇಡ, ಕಲ್ಲೇ ಸಾಕು. ಪೂವಪ್ಪನಿಗೆ ನಿಧಾನ ಎಂಬ ಮಾತು ಕಿವಿಗೆ ಬೀಳಲಿಲ್ಲ. ಹತ್ತು ವರ್ಷದ ಬಾಕಿ ಬೇಗ ತುಂಬಿಸಬೇಕಲ್ಲ, ಭಾರದವರು ಹೇಳುವುದೇ ಸರಿ ಎಂದುಕೊಂಡ. ಮಾಸ್ಟ್ರು ಇಲ್ಲದ ಒಂದು ಸಂಜೆ ಎಡಗೈಗೆ ಕೋಣೆಯ ಅತಿ ದೊಡ್ಡ ಡಂಬೆಲ್ಲು ಎತ್ತಿದ. ಎರಡು ಸಲ ಬಂತು. ಮೂರನೆಯ ಸಲ ಮಣಿಕಟ್ಟು ಹೊರಳಿ, ಮೊಣಕೈಯವರೆಗೆ ಬೆಂಕಿ ಹತ್ತಿದ ಹಾಗಾಯಿತು.

ಹಿಟ್ಟು ತಳ್ಳುವ ಕೈ ಹೋದರೆ ಕಲ್ಲೂ ನಿಂತ ಹಾಗೆಯೇ. ಕೈಗೆ ಪಟ್ಟಿ ಕಟ್ಟಿಕೊಂಡು ಪೂವಪ್ಪ ಒಂದಷ್ಟು ದಿನ ಮೇಜು ಒರೆಸಿದ. ಕಲ್ಲಿಗೆ ದಿನಕ್ಕೊಬ್ಬರು ಕೂತರು, ದಿನಕ್ಕೊಂದು ಬಗೆಯ ಇಡ್ಲಿ ಆಯಿತು. ಗಲ್ಲಾಪೆಟ್ಟಿಗೆಯ ಮುಂದೆ ಕೂತ ಸದಾನಂದ ಶೆಟ್ಟರು ಗದರುವವರಲ್ಲ. ಅವನನ್ನು ಕರೆದು ಮೆತ್ತಗೆ ಹೇಳಿದರು: "ಹೋಟ್ಲಿಗೆ ಬೇಕಾದ್ದು ನಿನ್ನ ಕೈ ಪೂವಪ್ಪ. ಬಾಡಿ ಅಲ್ಲ."

ಅಷ್ಟು ಮೆತ್ತಗೆ ಹೇಳಿದ್ದೇ ಅವನಿಗೆ ಹೆಚ್ಚು ತಾಗಿತು.

ಕೈ ವಾಸಿಯಾದ ಮೇಲೆ ಮಾಸ್ಟ್ರು ಕೋಣೆಯ ಅತಿ ಚಿಕ್ಕ ಡಂಬೆಲ್ಲು ತೆಗೆದು ಎಡಗೈಗೆ ಕೊಟ್ಟರು. ಧರ್ಮಣ್ಣ ಅದೇ ದಿನ ಅತ್ತ ಬರಬೇಕೇ! ಬಾಗಿಲಲ್ಲಿ ನಿಂತು ನೋಡಿ, ಇದೇನು ಕೂಸನ್ನು ಆಡಿಸುವ ಗಿಲಕಿಯೇ ಎಂದ. ಕೋಣೆಯೆಲ್ಲ ನಕ್ಕಿತು, ಪೂವಪ್ಪನೂ ನಕ್ಕ. ಗಿಲಕಿಯನ್ನು ಮಾತ್ರ ಕೆಳಗಿಡಲಿಲ್ಲ. ತೋಳು ನಡುಗಿ ತಾನಾಗಿ ಇಳಿಯುವವರೆಗೆ ಎತ್ತಿದ. ಮರುದಿನವೂ ಅದೇ. ಹಾಗೆ ತಿಂಗಳು ಕಳೆದರೂ ಎಡಗೈ ಬಲಗೈಯ ಹತ್ತಿರವೂ ಸುಳಿಯಲಿಲ್ಲ. ಸಂಜೆಯ ಒಂದು ತಾಸು ಎಡಗೈ ಮಾಡಿದ್ದನ್ನು ಬೆಳಗಿಂದ ಸಂಜೆವರೆಗೆ ಕಲ್ಲು ತಿರುಗಿಸುವ ಬಲಗೈ ಹಿಂದೆ ಹಾಕುತ್ತಿತ್ತು. ಹೀಗಾದರೆ ಈ ಜನ್ಮದಲ್ಲಿ ಸಮ ಆಗುವುದಿಲ್ಲ ಎಂದು ಅವನಿಗೆ ಹೊಳೆಯಿತು. ಕಲ್ಲನ್ನೇ ಎಡಗೈಗೆ ಕೊಡಬೇಕು.

ಕೊಟ್ಟ. ಒಂದು ಮಧ್ಯಾಹ್ನ ಉದ್ದು ಹಾಕಿ, ಎಡಗೈಯಲ್ಲಿ ಗುಂಡಿನ ಹಿಡಿ ಹಿಡಿದ. ಎಡಗೈ ತನಗೆ ಸಹಜವಾದ ಕಡೆಗೆ ಹೊರಟಿತು, ಗುಂಡು ಎಡಸುತ್ತು ತಿರುಗಿತು. ಹಾಯಾಗಿಯೇ ತಿರುಗುತ್ತಿದೆ ಎಂದುಕೊಳ್ಳುವಷ್ಟರಲ್ಲಿ ಶಂಭು ಭಟ್ಟರು ಒಗ್ಗರಣೆ ಸೌಟು ಹಿಡಿದು ಹೊರಬಂದರು. ಸ್ವಲ್ಪ ಹೊತ್ತು ಗುಂಡನ್ನೇ ನೋಡಿದರು.

"ಪೂವಪ್ಪ, ಯಾರು ಸತ್ತದ್ದು?"

ಪೂವಪ್ಪನಿಗೆ ಅರ್ಥವಾಗಲಿಲ್ಲ.

"ಎಡಸುತ್ತು ತಿರುಗಿಸುದು ತಿಥಿಗೆ. ಈ ಹಿಟ್ಟಿನ ಮೊದಲ ಇಡ್ಲಿ ನಾಳೆ ದೇವರ ಮುಂದೆ ಇಡ್ಲಿಕ್ಕುಂಟು. ಎಂತ ಮಾಡಿದ್ದು ನೀನು?"

ದೇವರಿಗೆ ಪ್ರದಕ್ಷಿಣೆ ಬರುವ ಹಾಗೆ ಬಲಸುತ್ತೇ ಕಡೆಯಬೇಕು ಎಂಬುದು ಭಟ್ಟರ ನಿಯಮ. ಎಲ್ಲ ಕಡೆ ಹೀಗಿದೆಯೋ ಇಲ್ಲವೋ, ಆ ಅಡಿಗೆಮನೆಯಲ್ಲಿ ಅವರು ಹೇಳಿದ್ದೇ ಶಾಸ್ತ್ರ. ಅದರಲ್ಲಿ ಶೆಟ್ಟರೂ ಬಾಯಿ ಹಾಕುವುದಿಲ್ಲ. ಆ ಹಿಟ್ಟು ಗಿರಾಕಿಗಳಿಗೆ ಹೋಗಲಿಲ್ಲ. ಅಂದು ಸಂಜೆ ಹೋಟೆಲಿನ ಹುಡುಗರು ಹೊಟ್ಟೆ ತುಂಬ ಉದ್ದಿನ ದೋಸೆ ತಿಂದು, ದಿನಾ ಎಡಗೈಯಲ್ಲೇ ಕಡೆಯಣ್ಣ ಎಂದು ಪೂವಪ್ಪನನ್ನು ಹರಸಿದರು. ಭಟ್ಟರು ಮಾತ್ರ ನಗಲಿಲ್ಲ. ಇನ್ನೊಮ್ಮೆ ಇಂಥದ್ದು ಕಂಡರೆ ಕಲ್ಲಿಗೆ ಬೇರೆ ಜನ ನೋಡಿ ಎಂದು ಶೆಟ್ಟರಿಗೇ ಹೇಳುತ್ತೇನೆ ಎಂದರು.

ಕಲ್ಲು ಬಿಟ್ಟರೆ ಪೂವಪ್ಪನಿಗೆ ಕೆಲಸವಿಲ್ಲ. ಎಡಗೈಗೆ ಕಲ್ಲು ಸಿಗದಿದ್ದರೆ ಆ ಸ್ಟೇಜೂ ಇಲ್ಲ. ಎರಡನ್ನೂ ಬಿಡುವ ಮನಸ್ಸು ಅವನಿಗಿರಲಿಲ್ಲ. ಭಟ್ಟರು ಎಡಸುತ್ತು ಬೇಡ ಅಂದದ್ದು, ಎಡಗೈ ಬೇಡ ಅನ್ನಲಿಲ್ಲವಲ್ಲ ಎಂದು ಯೋಚಿಸಿದ. ಎಡಗೈಯಲ್ಲಿಯೇ ಬಲಸುತ್ತು ತಿರುಗಿಸಿದರೆ?

ಹೇಳುವಷ್ಟು ಸುಲಭವಲ್ಲ ಅದು. ಬೇಕಾದರೆ ಯಾರಾದರೂ ಮಾಡಿ ನೋಡಬಹುದು. ಮಧ್ಯಾಹ್ನದ ಊಟದ ಗಲಾಟೆ ಮುಗಿದು ಭಟ್ಟರು ಒಂದು ಗಳಿಗೆ ಅಡ್ಡಾಗುವ ಹೊತ್ತಿಗೆ ಅವನು ಕಲ್ಲಿಗೆ ಬರೀ ನೀರು ಹಾಕಿ ಕೂರುತ್ತಿದ್ದ. ಕೈ ಒಳಗೆ ಎಳೆಯಬೇಕಾದಲ್ಲಿ ಹೊರಗೆ ನೂಕಬೇಕು, ನೂಕಬೇಕಾದಲ್ಲಿ ಎಳೆಯಬೇಕು. ಅರ್ಧ ಸುತ್ತಿಗೆ ಗುಂಡು ಹೋಗಿ ಕಲ್ಲಿನ ಅಂಚಿಗೆ ಬಡಿಯುತ್ತಿತ್ತು. ಬಲಗೈಗೆ ಆಟದ ಸಾಮಾನಿನಂತಿದ್ದ ಗುಂಡು ಎಡಗೈಗೆ ಧರ್ಮಣ್ಣನ ಚೀಲದಷ್ಟು ತೂಗುತ್ತಿತ್ತು. ಭುಜದ ಹಿಂಬದಿಯಲ್ಲಿ, ಅಲ್ಲೊಂದು ಎಳೆ ಇದೆಯೆಂದು ಗೊತ್ತೇ ಇಲ್ಲದ ಜಾಗದಲ್ಲಿ, ನೋವು ಶುರುವಾಯಿತು. ನೋವು ಕಂಡು ಪೂವಪ್ಪನಿಗೆ ಸಂತೋಷವಾಯಿತು.

ನೀರಿನಿಂದ ಚಟ್ನಿಗೆ ಬಂದ. ಚಟ್ನಿಯಿಂದ ಮಸಾಲೆಗೆ, ಮಸಾಲೆಯಿಂದ ಅಕ್ಕಿಗೆ. ಉದ್ದು ಕೊನೆಗೆ. ಅದು ಉಬ್ಬಿ ಅಂಟಾಗಿ ಗುಂಡನ್ನು ಹಿಡಿದುಕೊಳ್ಳುವ ಹಿಟ್ಟು, ಅದಕ್ಕೆ ಬರಲು ಒಂದು ಮಳೆಗಾಲವೇ ಬೇಕಾಯಿತು. ಅಷ್ಟರಲ್ಲಿ ಭಟ್ಟರ ಕಣ್ಣಿಗೆ ಬಿದ್ದಿದ್ದೂ ಆಯಿತು. ಅವತ್ತು ಅವರು ಬಂದು ನಿಂತಾಗ ಪೂವಪ್ಪ ನಿಲ್ಲಿಸಲಿಲ್ಲ. ತಲೆಯನ್ನೂ ಎತ್ತಲಿಲ್ಲ. ಭಟ್ಟರು ಗುಂಡು ನೋಡಿದರು, ಬಲಸುತ್ತು ಸರಿಯಾಗಿಯೇ ಇದೆ. ತಿರುಗಿಸುವ ಕೈ ನೋಡಿದರು, ಎಡಗೈ. ಬೈಯಲು ಬಾಯಿ ತೆರೆದವರು ಹಿಟ್ಟಿನಲ್ಲಿರುವ ಕೈ ನೋಡಿ ಹಾಗೆಯೇ ನಿಂತರು. ಅದು ಬಲಗೈ.

"ಇಷ್ಟು ವರ್ಷ ಹಿಟ್ಟಿಗೆ ಯಾವ ಕೈ ಹಾಕ್ತಿದ್ದಿ?" ಎಂದು ನಿಧಾನವಾಗಿ ಕೇಳಿದರು.

"ಎಡಗೈ ಭಟ್ರೆ. ಎಲ್ಲರೂ ಕಡೆಯುದು ಹಾಗೆಯೇ ಅಲ್ವ."

ಭಟ್ಟರು ಒಳಗೆ ಹೋದರು. ಎಡಗೈಯಲ್ಲಿ ನೀರು ಕೂಡ ಬಡಿಸಗೊಡದ ಮನುಷ್ಯ ಅವರು. ಅಂದು ರಾತ್ರಿ ಅವರಿಗೆ ನಿದ್ದೆ ಬಂತೋ ಇಲ್ಲವೋ. ಮರುದಿನ ಅಡಿಗೆಮನೆಯಲ್ಲಿ ಹೊಸ ನಿಯಮ ಬಂತು. ದೇವರ ಇಡ್ಲಿಗೆ ಹೋಗುವ ಮೊದಲ ಹಿಟ್ಟನ್ನು ಪೂವಪ್ಪ ಎಡಗೈಯಲ್ಲಿ ತಿರುಗಿಸಿ ಬಲಗೈಯಲ್ಲಿ ತಳ್ಳಬೇಕು, ಬೇರೆ ರೀತಿ ಕೂಡದು. ತಾವೇ ಯೋಚಿಸಿ ಮಾಡಿದ ನಿಯಮ ಎಂಬಂತೆ ಅದನ್ನು ಹೊಸಬರಿಗೆ ಈಗಲೂ ಹೇಳುತ್ತಾರೆ. ಪೂವಪ್ಪ ಗುಂಡು ತಿರುಗಿಸುತ್ತಿರುತ್ತಾನೆ.

ಆಮೇಲಿನದು ಬರೀ ಪಟ್ಟು. ಬೆಳಿಗ್ಗೆ, ಮಧ್ಯಾಹ್ನ ಎಡಗೈಗೆ ಕಲ್ಲು. ಸಂಜೆ ವ್ಯಾಯಾಮಶಾಲೆಯಲ್ಲಿ ಎಡಗೈಗೆ ಒಂದೊಂದೇ ಮೆಟ್ಟಿಲು ಏರಿಸಿದ ಭಾರ, ಬಲಗೈಗೆ ಮರೆಯದಿರಲಿ ಎಂದು ಅಷ್ಟಿಷ್ಟು. ಭಾರದವರು ನೋಡಿ, ನಾವು ಹೇಳಿದ್ದೇ ಸರಿ, ಡಂಬೆಲ್ಲಿನಿಂದ ಬಂತು ಎಂದರು. ಹಗುರದವರು, ಇಲ್ಲ, ಕಲ್ಲಿನಿಂದ ಬಂತು, ಕಲ್ಲು ಹಗುರದ್ದೇ ತಾನೇ ಎಂದರು. ಮೋನಪ್ಪ ಮಾಸ್ಟ್ರನ್ನು ಕೇಳಿದರೆ ಅವರದು ಬೇರೆಯೇ ಮಾತು. ಮಾಂಸಕ್ಕೆ ಸೇರು-ಪಾವು ಗೊತ್ತಿಲ್ಲ, ಭಾರವಾದರೂ ಸೈ, ಹಗುರವಾದರೂ ಸೈ, ಇನ್ನಾಗದು ಎಂದು ಕೈ ಅನ್ನುವವರೆಗೆ ಎತ್ತಿದರೆ ತುಂಬಿಕೊಳ್ಳುತ್ತದೆ. ಭಾರವಾದರೆ ಬೇಗ ಅನ್ನುತ್ತದೆ, ಹಗುರವಾದರೆ ತಡವಾಗಿ. ಗೆರೆ ಬರುವುದು ಎರಡರಿಂದಲೂ ಅಲ್ಲ, ಬಾಯಿ ಕಟ್ಟುವುದರಿಂದ ಎಂದು ಅವರು ಹೇಳುತ್ತಾರೆ.

ಬಾಯಿ ಕಟ್ಟುವುದು ಹೋಟೆಲಿನಲ್ಲಿ ದುಡಿಯುವವನಿಗೆ ಎಷ್ಟು ಕಷ್ಟವೆಂದು ಬೇರೆ ಹೇಳಬೇಕಾಗಿಲ್ಲ. ಬನ್ಸು ಕರಿಯುವ ವಾಸನೆ, ತುಪ್ಪದ ದೋಸೆಯ ವಾಸನೆ ದಿನವಿಡೀ ಮೂಗಿಗೆ ಬಡಿಯುತ್ತಿರುತ್ತದೆ. ಪೂವಪ್ಪ ಎಣ್ಣೆಯದ್ದು, ಸಿಹಿಯದ್ದು ಬಿಟ್ಟ. ವ್ಯಾಯಾಮಶಾಲೆಯ ಬಾಗಿಲಲ್ಲಿ ನೆನೆಸಿದ ಕಡಲೆ, ಬಾಳೆಹಣ್ಣು ಮಾರುವ ಬೆಳಗಾವಿ ಕಡೆಯ ಕಸ್ತೂರಿಬಾಯಿಯೇ ಅವನ ಸಂಜೆಯ ಊಟದಾಕೆಯಾದಳು. ಎಡಗೈ ಮೇಲೆ ಬಂದದ್ದನ್ನು ಮೊದಲು ಕಂಡವಳೂ ಆಕೆಯೇ. ಒಂದು ಸಂಜೆ ಕಡಲೆಯ ಪೊಟ್ಟಣ ಕೊಡುತ್ತ ಅವನ ತೋಳನ್ನು ದಿಟ್ಟಿಸಿ, "ಏನೋ ಪೂವಪ್ಪಾ, ನಿನ್ನ ಬಡಪಾಯಿ ಕೈನೂ ಉಣ್ಣಾಕ ಹತ್ತೇತೇನು?" ಎಂದಳಂತೆ. ಆವತ್ತು ಅವನು ವ್ಯಾಯಾಮಶಾಲೆಯ ಕನ್ನಡಿಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತ.

ಎಪ್ಪತ್ತಮೂರರ ಗಣೇಶೋತ್ಸವಕ್ಕೆ ಮಾಸ್ಟ್ರು ನಿಲ್ಲು ಎಂದರೂ ನಿಲ್ಲಲಿಲ್ಲ. ಇನ್ನೂ ಒಂದು ಬೆರಳಷ್ಟು ಕಡಿಮೆ ಇದೆ ಎಂದ. ಈ ವರ್ಷ, ಎಪ್ಪತ್ತನಾಲ್ಕರಲ್ಲಿ, ತಾನಾಗಿಯೇ ಹೆಸರು ಕೊಟ್ಟ. ಸ್ಪರ್ಧೆಯ ಭಾನುವಾರ ಮಧ್ಯಾಹ್ನ ಕಲ್ಲಿಗೆ ಯಾರು ಕೂರುವುದು ಎಂಬ ಪ್ರಶ್ನೆ ಬಂದಾಗ ಶಂಭು ಭಟ್ಟರು ಗೊಣಗುತ್ತ, ಚಡ್ಡಿಯಲ್ಲಿ ನಿಲ್ಲಲಿಕ್ಕೆ ರಜೆ ಬೇಕಂತೆ, ಕಲಿಗಾಲ ಎನ್ನುತ್ತ ತಾವೇ ಪಂಚೆ ಎತ್ತಿ ಕಟ್ಟಿ ಕೂತರು.

ಧರ್ಮಣ್ಣ ಕೈಗಾಡಿಯನ್ನು ಗಲ್ಲಿಯ ಬಾಯಲ್ಲಿ ನಿಲ್ಲಿಸಿ ಮೊದಲ ಸಾಲಿನಲ್ಲಿ ಜಾಗ ಹಿಡಿದಿದ್ದ. ಪೂವಪ್ಪನ ಸರದಿ ಬಂತು. ಬಲಕ್ಕೆ ತಿರುಗಿದ, ಶಿಳ್ಳೆ. ಎಡಕ್ಕೆ ತಿರುಗಿದ. ಶಿಳ್ಳೆ ನಿಲ್ಲಲಿಲ್ಲ. ಎರಡೂ ತೋಳು ಎತ್ತು ಎಂದರು, ಎತ್ತಿದ. ತೀರ್ಪಿನವರ ಮೇಜಿನ ಕಡೆ ನೋಡಲು ಅವನಿಗೆ ಧೈರ್ಯವಾಗಲಿಲ್ಲ. ದೀಪದ ಕಡೆ ನೋಡುತ್ತ ನಿಂತ. ಬೆವರು ಎಣ್ಣೆಯ ಜತೆ ಸೇರಿ ಕಣ್ಣಿಗೆ ಇಳಿಯುತ್ತಿತ್ತು. ಈ ಸಲ ಜನ ಹೆಚ್ಚಿದ್ದರಿಂದ ಒಬ್ಬೊಬ್ಬರನ್ನೇ ಇಳಿಸುತ್ತ ಬಂದರು. ಅವನ ಪಕ್ಕದವನು ಇಳಿದ, ಆಚೆಯವನು ಇಳಿದ. ಕೊನೆಗೆ ಐದು ಜನ ಉಳಿದರು, ಐದರಲ್ಲಿ ಪೂವಪ್ಪನೂ ಒಬ್ಬ. ಮೂರು ಬಹುಮಾನ ಬೇರೆ ಮೂವರಿಗೆ ಹೋದವು. ಮೊದಲನೆಯದು ರೈಲ್ವೆ ವರ್ಕ್‌ಶಾಪಿನ ಹುಡುಗನಿಗೆ. ಬಹುಮಾನ ಹಂಚುವವರೆಗೂ ಐದೂ ಜನ ಸ್ಟೇಜಿನ ಮೇಲೆಯೇ ಇದ್ದರು.

ಕೆಳಗೆ ಬಂದಾಗ ಧರ್ಮಣ್ಣ ಕುದಿಯುತ್ತಿದ್ದ. ಆ ತೀರ್ಪಿನವರನ್ನು ನಾಲ್ಕು ಮಾತು ಕೇಳಿ ಬರುತ್ತೇನೆಂದು ಹೊರಟವನನ್ನು ಪೂವಪ್ಪ ಅಂಗಿ ಹಿಡಿದು ನಿಲ್ಲಿಸಿದ.

"ನಿನಗ ಒಂದಾದರೂ ಕೊಡಬೇಕಾಗಿತ್ತಲ್ಲೋ," ಎಂದ ಧರ್ಮಣ್ಣ. "ಎರಡು ವರ್ಸ ಕಲ್ಲಿನ ಜೋಡಿ ಬಡದಾಡಿ ಏನ ಬಂತು ಕೈಗೆ?"

"ಕೈಯೇ ಬಂತಲ್ಲ ಮಾರಾಯ," ಎಂದ ಪೂವಪ್ಪ.

ಮುಂದಿನ ವರ್ಷ ನಿಲ್ಲುತ್ತೀಯಾ ಎಂದು ಕೇಳಿದರೆ ನೋಡುವ ಎನ್ನುತ್ತಾನೆ. ವಯಸ್ಸಾಯಿತು, ಹೊಸ ಹುಡುಗರು ಬರುತ್ತಿದ್ದಾರೆ. ನಿಂತರೂ ಸರಿ, ನಿಲ್ಲದಿದ್ದರೂ ಸರಿ, ಎಡಗೈಗೆ ಕಲ್ಲು ತಪ್ಪಿಸುವುದಿಲ್ಲ. ಬಿಟ್ಟರೆ ಅದು ಮತ್ತೆ ಹಳೆಯ ದಾರಿ ಹಿಡಿಯುತ್ತದೆ ಎಂಬುದು ಅವನಿಗೆ ಗೊತ್ತು.

ದೀಪಾವಳಿಗೆ ಸದಾನಂದ ಶೆಟ್ಟರು ಕೆಲಸದವರಿಗೆಲ್ಲ ಅಂಗಿಯ ಬಟ್ಟೆ ಕೊಡುತ್ತಾರೆ. ಎಲ್ಲರೂ ಹೊಲಿಸುವುದು ಸ್ಟೇಷನ್ನಿನ ಸೇತುವೆಯ ಬುಡದಲ್ಲಿ ಮಿಷನ್ನು ಇಟ್ಟುಕೊಂಡಿರುವ ಒಬ್ಬನೇ ದರ್ಜಿಯ ಹತ್ತಿರ. ಅವನು ಉಳಿದವರಿಗೆ ಒಂದು ತೋಳು ಅಳೆಯುತ್ತಿದ್ದ, ಪೂವಪ್ಪನಿಗೆ ಎರಡು. ಒಂದು ತೋಳಿಗೆ ಹೆಚ್ಚು ಬಟ್ಟೆ ಹಿಡಿಯುತ್ತದೆ ಎಂದು ಪ್ರತಿ ವರ್ಷವೂ ಹಿಂದಿಯಲ್ಲಿ ಬೈಯುತ್ತಿದ್ದ. ಈ ದೀಪಾವಳಿಗೂ ಪೂವಪ್ಪ ಹೋದ. ದರ್ಜಿ ಬೀಡಿ ಪಕ್ಕಕ್ಕಿಟ್ಟು, ಎರಡೂ ಭುಜಗಳನ್ನು ಒಮ್ಮೆ ನೋಡಿ, ಬಲತೋಳಿಗೆ ಟೇಪು ಸುತ್ತಿದ. ಅಳತೆಯನ್ನು ಬಟ್ಟೆಯ ಮೂಲೆಗೆ ಸೀಮೆಸುಣ್ಣದಲ್ಲಿ ಗೀಚಿದ.

"ಅಭ್ಯಾಸ ನೋಡಿ, ಇನ್ನೊಂದು ಕೈ ನಾನೇ ಚಾಚಿದೆ," ಎನ್ನುತ್ತಾನೆ ಪೂವಪ್ಪ. "ಅವ ಅದರ ಕಡೆ ನೋಡ್ಲೇ ಇಲ್ಲ. ಟೇಪು ಕೊರಳಿಗೆ ಹಾಕ್ಕೊಂಡು, ಆಯ್ತು ಹೋಗು, ಬುಧವಾರ ಬಾ ಅಂದ."